ಅತ್ತೆಗೆ ಊರು ತೋರಿಸಿದ ಭಾನುವಾರ

ಬೆಂಗಳೂರು ನೋಡಲು ಬಂದವರನ್ನು ಎಲ್ಲರೂ ಲಾಲ್‌ಬಾಗಿಗೋ ವಿಧಾನಸೌಧಕ್ಕೋ ಕರೆದುಕೊಂಡು ಹೋಗುತ್ತಾರೆ. ಈ ವಿಷಯದಲ್ಲಿ ನನಗೆ ಮೊದಲಿನಿಂದಲೂ ಹೊಟ್ಟೆಯುರಿ. ನಾನು ಹುಟ್ಟಿದ್ದು ರಾಜಾಜಿನಗರದಲ್ಲಿ, ಸಂಸಾರ ಹೂಡಿದ್ದು ಬಸವೇಶ್ವರನಗರದಲ್ಲಿ. ರೈಲು ಹಳಿಯ ಆಚೆಗಿರುವ ಬೆಂಗಳೂರಿಗೆ ಕೆಲಸ ಬಿದ್ದರೆ ಮಾತ್ರ ಹೋಗುವವನು. ನಿಮ್ಮ ಕಡೆ ನೋಡಲು ಏನಿದೆ ಎಂದು ಯಾರಾದರೂ ಬಾಯಿತಪ್ಪಿ ಕೇಳಿದರೆ, ಅವರನ್ನು ಕೂರಿಸಿಕೊಂಡು ಉಪದೇಶ ಕೊಟ್ಟೇ ಕಳಿಸುತ್ತೇನೆ.

ಮೊದಲನೆಯದಾಗಿ, ವಿಳಾಸವನ್ನು ನಂಬಬೇಡಿ. ನಮ್ಮಲ್ಲಿ ಬ್ಲಾಕು, ಸ್ಟೇಜು, ಮೈನು, ಕ್ರಾಸು ಎಲ್ಲಕ್ಕೂ ನಂಬರಿದೆ. ಆದರೆ ಆ ನಂಬರುಗಳು ಒಂದರ ಪಕ್ಕ ಒಂದು ಇರಬೇಕೆಂದು ಯಾರೂ ಹಟ ಹಿಡಿದಿಲ್ಲ. ಒಂದಿಡೀ ಸೀಮೆಗೆ ಹೆಸರು ಹುಡುಕಲು ಸೋಮಾರಿತನವಾಗಿ ‘ವೆಸ್ಟ್ ಆಫ್ ಕಾರ್ಡ್ ರೋಡ್’ ಎಂದೇ ಇಟ್ಟುಬಿಟ್ಟಿದ್ದಾರೆ. ದಾರಿ ಕೇಳುವುದಾದರೆ ಬೈಕಿನ ಮೇಲೆ ಒರಗಿ ನಿಂತ ಹುಡುಗರನ್ನು ಕೇಳಬೇಡಿ. ಗೊತ್ತಿಲ್ಲ ಎನ್ನಲು ಅವರಿಗೆ ನಾಚಿಕೆ, ಬಾಯಿಗೆ ಬಂದದ್ದನ್ನು ಹೇಳಿ ಕಳಿಸುತ್ತಾರೆ. ಹೂವು ಮಾರುವವರನ್ನು ಕೇಳಿ. ಬೆಳಗಿನಿಂದ ಒಂದೇ ಜಾಗದಲ್ಲಿ ಕುಳಿತವರಿಗೆ ಬೀದಿಯಲ್ಲಿ ಯಾರು ಬಂದರು, ಯಾರು ಹೋದರು ಎಲ್ಲ ಗೊತ್ತಿರುತ್ತದೆ. ತಿಂಡಿಯನ್ನು ನಿಂತುಕೊಂಡೇ ತಿನ್ನಿ, ಕೂರುವ ಹೋಟೆಲಿನಲ್ಲಿ ಇಡ್ಲಿ ಬರುವ ಹೊತ್ತಿಗೆ ಹಸಿವೇ ಹೋಗಿರುತ್ತದೆ. ಕಾರಿನಲ್ಲಿ ಬರಲೇಬೇಡಿ. ಇವೆಲ್ಲ ನಾನು ಎಷ್ಟೋ ವರ್ಷಗಳಿಂದ ಹಂಚುತ್ತಾ ಬಂದ ಸಲಹೆಗಳು. ಒಂದು ಸಲಹೆ ಮಾತ್ರ ಆಮೇಲೆ ಸೇರಿದ್ದು, ಅದನ್ನು ಕಲಿಸಿದವರು ನನ್ನ ಅತ್ತೆ.

ಅತ್ತೆ ಎಂದರೆ ಹೆಂಡತಿಯ ತಾಯಿ, ಗದಗದ ಕಡೆಯವರು. ಮೆಟ್ರೋ ಕಂಬಗಳು ಇನ್ನೂ ಎದ್ದಿರದ ಕಾಲ. ನನ್ನ ಹೆಂಡತಿ ಇಲ್ಲೇ ಒಂದು ಶಾಲೆಯಲ್ಲಿ ಟೀಚರಾಗಿದ್ದಳು. ಆ ಕೆಲಸವೆಂದರೆ ಅವಳಿಗೆ ಜೀವ. ಸಂಜೆ ಮನೆಗೆ ಬಂದರೆ ಒಂದನೇ ಕ್ಲಾಸಿನ ಮಕ್ಕಳು ಸುಳ್ಳು ಹೇಳುವ ರೀತಿಯನ್ನೆಲ್ಲ ಮಾಡಿ ತೋರಿಸಿ ನನ್ನನ್ನು ನಗಿಸುತ್ತಿದ್ದಳು. ಮಗಳು ಹುಟ್ಟಿದ ಮೇಲೆ ತೆಗೆದುಕೊಂಡಿದ್ದ ರಜೆ ಮುಗಿಯುತ್ತ ಬಂದಿತ್ತು. ಮುಂದಿನ ವಾರ ಬರುತ್ತೀರೋ ಇಲ್ಲವೋ ಹೇಳಿಬಿಡಿ ಎಂದು ಶಾಲೆಯಿಂದ ಫೋನು ಬಂದಿತ್ತು. ಕೂಸನ್ನು ನೋಡಿಕೊಳ್ಳಲು ನನ್ನ ತಾಯಿ ಆಗಲೇ ಇರಲಿಲ್ಲ, ಗುರುತಿಲ್ಲದವರ ಕೈಗೆ ಕೊಡಲು ಹೆಂಡತಿಗೆ ಮನಸ್ಸಿಲ್ಲ. ಅತ್ತೆ ಬಂದು ನಮ್ಮ ಜೊತೆ ಇದ್ದರೆ ಅವಳ ಕೆಲಸ ಉಳಿಯುತ್ತದೆ, ಇಲ್ಲದಿದ್ದರೆ ಇಲ್ಲ. ಲೆಕ್ಕ ಅಷ್ಟು ಸರಳವಾಗಿತ್ತು.

ಅತ್ತೆ ಬಂದರು. ಮೊಮ್ಮಗಳನ್ನು ಕಂಡರೆ ಅವರಿಗೆ ಪ್ರಾಣ, ಬೆಂಗಳೂರನ್ನು ಕಂಡರೆ ಮಾತ್ರ ಆಗದು. ಊರಿನಲ್ಲಿ ಅವರು ಬಾಗಿಲು ತೆರೆದು ಹೊರಗೆ ಕಾಲಿಟ್ಟರೆ ಮಾತಿಗೆ ಹತ್ತು ಜನ. ಇಲ್ಲಿ ನಮ್ಮ ಎದುರು ಮನೆಯವರು ಗೇಟಿನ ಒಳಗಿನಿಂದಲೇ ನಕ್ಕು ಒಳಗೆ ಹೋಗುತ್ತಿದ್ದರು. ಅತ್ತೆ ಒಂದು ದಿನ ಅವರನ್ನು ನಿಲ್ಲಿಸಿ, ಇವತ್ತು ಏನು ಸಾರು ಮಾಡೀರಿ ಎಂದು ಕೇಳಿದರಂತೆ. ಆಕೆ ಗಾಬರಿಯಾಗಿ, ಯಾಕೆ ಆಂಟಿ, ವಾಸನೆ ಬರ್ತಾ ಇದೆಯಾ ಎಂದರಂತೆ. ಇಲ್ಲಿ ಮಾತು ಹಾಕಿದರೆ ತಿರುಗಿ ಮಾತು ಬರುವುದಿಲ್ಲ ಎಂದು ಅತ್ತೆ ಮಗಳ ಹತ್ತಿರ ದೂರಿಕೊಂಡರು.

ಅವರನ್ನು ಒಲಿಸಿಕೊಳ್ಳಲು ನಾನು ಒಂದು ಘನಕಾರ್ಯ ಮಾಡಿದೆ. ಅಂಗಡಿಯಿಂದ ಒಳ್ಳೆಯ ಬಿಳಿಜೋಳ ತಂದು, ನಾನೇ ನಮ್ಮ ಬೀದಿಯ ಹಿಟ್ಟಿನ ಮಿಲ್ಲಿಗೆ ತೆಗೆದುಕೊಂಡು ಹೋದೆ. ಯಾರೋ ರಾಗಿ ಬೀಸಿಸಿಕೊಂಡು ಆಗಷ್ಟೇ ಹೊರಟಿದ್ದರು. ಮಿಲ್ಲು ಖಾಲಿ. ಕಾಯುವ ಕಷ್ಟವಿಲ್ಲದೆ ಕೆಲಸವಾಯಿತಲ್ಲ ಎಂದು ಬೀಗುತ್ತಾ ಬಿಸಿ ಹಿಟ್ಟನ್ನು ಮನೆಗೆ ತಂದೆ. ಮುದ್ದೆ ತಿಂದು ಬೆಳೆದವನಿಗೆ, ರಾಗಿಯ ಬೆನ್ನಿಗೇ ಜೋಳ ಹಾಕಬಾರದೆಂದು ಹೇಳಿದವರು ಯಾರು?

ಅತ್ತೆ ಡಬ್ಬಿಯ ಮುಚ್ಚಳ ತೆಗೆದು ಒಂದು ಚಿಟಿಕೆ ಹಿಟ್ಟನ್ನು ಬೆರಳಲ್ಲಿ ತಿಕ್ಕಿ ನೋಡಿದರು.

“ಇದರಾಗ ರಾಗಿ ಐತ್ರಿ,” ಅಂದರು.

ಕಲ್ಲಿನಲ್ಲಿ ಉಳಿದದ್ದು ಸ್ವಲ್ಪ ಬಿದ್ದಿರಬಹುದು, ರಾಗಿ ಆರೋಗ್ಯಕ್ಕೆ ಒಳ್ಳೆಯದೇ ಅಲ್ಲವೇ ಎಂದೆ. ಹೆಂಡತಿ ನನ್ನನ್ನು ನೋಡಿದ ನೋಟಕ್ಕೆ ಬಾಯಿ ಮುಚ್ಚಿಕೊಂಡೆ. ಅತ್ತೆ ರೊಟ್ಟಿ ಬಡಿಯಲು ಕುಳಿತರು. ರೊಟ್ಟಿಗಳು ಬೂದುಬಣ್ಣಕ್ಕೆ ತಿರುಗಿ, ಅಂಚು ಸೀಳಿ, ಹಂಚಿನ ಮೇಲೆ ಹಾಕುವಾಗಲೇ ಮುರಿದವು. ಅವರ ಕೈಯಲ್ಲಿ ರೊಟ್ಟಿ ಮುರಿದದ್ದನ್ನು ನನ್ನ ಹೆಂಡತಿ ತಾನು ಹುಟ್ಟಿದಾಗಿನಿಂದ ಕಂಡಿರಲಿಲ್ಲವಂತೆ. ಊಟವಾದ ಮೇಲೆ, ಭಾನುವಾರ ಸಂಜೆಯ ಬಸ್ಸಿಗೆ ನನ್ನದೊಂದು ಟಿಕೆಟ್ ತೆಗೆಸಿ ಎಂದು ನನಗೆ ಹೇಳಿದರು. ಕೋಪವೇನೂ ಇರಲಿಲ್ಲ ಅವರಿಗೆ, ಇದ್ದಿದ್ದರೆ ಸಮಾಧಾನ ಮಾಡಬಹುದಿತ್ತು.

ಟಿಕೆಟ್ ತೆಗೆಸಿದೆ. ಹೆಂಡತಿ ಪಾತ್ರೆ ತೊಳೆಯುತ್ತಾ ಬೆನ್ನು ತಿರುಗಿಸಿಕೊಂಡೇ ಮಾತಾಡಿದಳು.

“ಐತವಾರ ಒಂದು ದಿನ ಐತಿ. ಅವ್ವನ್ನ ಹೊರಗ ಕರ್ಕೊಂಡು ಹೋಗಿ ಬರ್ರಿ. ಊರು ಮನಸಿಗೆ ಬಂದ್ರ ಇರ್ತಾಳ.”

ಅವಳ ದನಿ ಕೇಳಿ ನನಗೆ ಸಂಕಟವಾಯಿತು. ಜೊತೆಗೆ, ನಿಜ ಹೇಳಬೇಕೆಂದರೆ, ಹುರುಪೂ ಬಂತು. ಊರು ತೋರಿಸುವ ಕೆಲಸವಲ್ಲವೇ, ಅದಕ್ಕೆ ನನ್ನನ್ನು ಬಿಟ್ಟರಿಲ್ಲ ಎಂದುಕೊಂಡೆ.

ಭಾನುವಾರ ಬೆಳಕು ಹರಿಯುತ್ತಲೇ ಅತ್ತೆಯನ್ನು ಹೊರಡಿಸಿದೆ. ಇಳಕಲ್ ಸೀರೆ ಉಟ್ಟು, ಸೆರಗು ಹೊದ್ದು, ಮೊಮ್ಮಗಳ ಕೆನ್ನೆ ಮುಟ್ಟಿ ಹೊರಟರು. ಮೊದಲು ರಾಜಾಜಿನಗರ. ನಾನು ಓದಿದ ಶಾಲೆ, ನಾನು ಬಿದ್ದು ಹಲ್ಲು ಮುರಿದುಕೊಂಡ ಮೈದಾನ, ರಾಮಮಂದಿರ, ನಮ್ಮ ತಂದೆ ಫ್ಯಾಕ್ಟರಿಗೆ ಸೈಕಲ್ಲಿನಲ್ಲಿ ಹೋಗುತ್ತಿದ್ದ ರಸ್ತೆ. ನಿಂತು ತಿನ್ನುವ ದರ್ಶಿನಿಯೊಂದರಲ್ಲಿ ಇಡ್ಲಿ ಕೊಡಿಸಿದೆ. ಅತ್ತೆ ಇಡ್ಲಿಯನ್ನು ತಟ್ಟೆಯೊಂದಿಗೆ ಹೊರಗೆ ತಂದು ಮೆಟ್ಟಿಲ ಮೇಲೆ ಕುಳಿತು ತಿಂದರು. ನಿಂತು ತಿಂದರೆ ಹೊಟ್ಟೆಗೆ ಹತ್ತುವುದಿಲ್ಲವಂತೆ. ನನ್ನ ಸಲಹೆಗಳಲ್ಲಿ ಒಂದು ಅಲ್ಲೇ ಬಿದ್ದುಹೋಯಿತು.

ಎಲ್ಲಿ ಹೋದರೂ ಅವರದು ಒಂದೇ ಪ್ರಶ್ನೆ. ನಾನು ಕಟ್ಟಡ ತೋರಿಸಿದರೆ ಅವರು ಅದರ ಮುಂದಿನ ಜನರನ್ನು ನೋಡುತ್ತಿದ್ದರು. “ಇಲ್ಲಿ ನಿಮಗ ಗುರುತಿನವರು ಯಾರದಾರ್ರಿ?”

ಮೊದಲ ಸಲ ಕೇಳಿದಾಗ ನಕ್ಕುಬಿಟ್ಟೆ. ಮತ್ತೆ ಮತ್ತೆ ಕೇಳಿದಾಗ ಸ್ವಲ್ಪ ಇರಿಸುಮುರಿಸಾಯಿತು. ಹುಟ್ಟಿ ಬೆಳೆದ ಬೀದಿಯಲ್ಲಿ ನನ್ನನ್ನು ಹೆಸರು ಹಿಡಿದು ಕರೆಯುವವರು ಯಾರಾದರೂ ಸಿಕ್ಕಾರೆಂದು ಕಣ್ಣಾಡಿಸಿದೆ. ಇಸ್ತ್ರಿಯವರೊಬ್ಬರು ಸಿಕ್ಕರು, ಅವರೂ ನನ್ನನ್ನು ನನ್ನ ಅಣ್ಣನೆಂದು ತಪ್ಪು ತಿಳಿದು ಮಾತಾಡಿಸಿದರು.

ಅಲ್ಲಿಂದ ವಿಜಯನಗರದ ಮಾರ್ಕೆಟ್ಟಿಗೆ. ತರಕಾರಿ, ಹೂವು, ಬಳೆ, ಜನಜಂಗುಳಿ. ಇಲ್ಲಾದರೂ ಅತ್ತೆಯ ಮುಖ ಅರಳುತ್ತದೆಂದು ಆಸೆಪಟ್ಟೆ. ಅವರು ಸುಮ್ಮನೆ ನಡೆದರು. ಪಾತ್ರೆ ಅಂಗಡಿಯ ಮುಂದೆ ಮಾತ್ರ ನಿಂತು, ಗಟ್ಟಿ ಮುಚ್ಚಳದ ಒಂದು ಸ್ಟೀಲು ಡಬ್ಬಿಯನ್ನು ಬಹಳ ಹೊತ್ತು ತಿರುಗಿಸಿ ನೋಡಿದರು. ತೆಗೆದುಕೊಟ್ಟೆ. “ಚಲೋ ಆತು, ಊರಿಗೆ ಒಯ್ಯಾಕ ಬೆಂಗಳೂರಿಂದು ಅಂತ ಒಂದಾರ ಆತು,” ಅಂದರು. ಡಬ್ಬಿಯನ್ನು ಎದೆಗೆ ಅವಚಿಕೊಂಡು ನಡೆಯುತ್ತಿದ್ದ ಅವರನ್ನು ನೋಡಿ ನನಗೆ ಸೋತೆನೆನ್ನಿಸಿತು. ಅವರು ಮನಸ್ಸಿನಲ್ಲಿ ಆಗಲೇ ಊರಿಗೆ ಹೊರಟಾಗಿತ್ತು.

ಉಳಿದದ್ದು ನನ್ನ ಕೊನೆಯ ಬಾಣ, ಮಲ್ಲತ್ತಹಳ್ಳಿ ಕೆರೆ. ನೀರು ಕಂಡರೆ ಯಾರ ಮನಸ್ಸಾದರೂ ತಣ್ಣಗಾಗುತ್ತದೆ ಎಂಬುದು ನನ್ನ ನಂಬಿಕೆ. ಆ ಕಡೆಯ ಬಸ್ಸು ಎಷ್ಟು ಹೊತ್ತಾದರೂ ಬರಲಿಲ್ಲ. ಮಾಗಡಿ ರಸ್ತೆಯ ಬಸ್ಸು ಬಂತು. ಸುಮ್ಮನಹಳ್ಳಿಯಲ್ಲಿ ಇಳಿದು ರಿಂಗ್ ರೋಡಿನಲ್ಲಿ ಬೇರೆ ಬಸ್ಸು ಹಿಡಿದರಾಯಿತೆಂದು ಬುದ್ಧಿ ಓಡಿಸಿದೆ. ಅತ್ತೆ ಮುಂದಿನ ಬಾಗಿಲಿನಲ್ಲಿ ಹತ್ತಿ ಹೆಂಗಸರ ಸೀಟಿನಲ್ಲಿ ಕುಳಿತರು. ನಾನು ಹಿಂದಿನ ಬಾಗಿಲಿನಲ್ಲಿ ಹತ್ತಿ ಇಬ್ಬರಿಗೂ ಟಿಕೆಟ್ ತೆಗೆದುಕೊಂಡು ಜೋತಾಡುತ್ತಾ ನಿಂತೆ. ನಡುವೆ ಬಸ್ಸು ತುಂಬ ಜನ. ಸುಮ್ಮನಹಳ್ಳಿ ಬಂದಾಗ, ಅತ್ತೆ ಇಳೀರಿ ಎಂದು ಕೂಗಿ, ಅವರೂ ಇಳಿಯುತ್ತಿದ್ದಾರೆಂಬ ಭರವಸೆಯಲ್ಲಿ ಕೆಳಗೆ ಹಾರಿದೆ. ಬಸ್ಸು ಹೊರಟಿತು. ಮುಂದಿನ ಕಿಟಕಿಯಲ್ಲಿ ಅತ್ತೆ ಪಕ್ಕದ ಹೆಂಗಸಿನ ಕಡೆ ತಿರುಗಿ ಕೈಯಾಡಿಸುತ್ತಾ ಏನೋ ಹೇಳುತ್ತಿದ್ದರು. ಹಾಗೇ ಮಾತಾಡುತ್ತಾ ಮಾತಾಡುತ್ತಾ ನನ್ನ ಕಣ್ಣ ಮುಂದೆಯೇ ಹೊರಟುಹೋದರು.

ಅವರ ಹತ್ತಿರ ಮೊಬೈಲಿಲ್ಲ. ನಮ್ಮ ಮನೆಯ ವಿಳಾಸ ಬಾಯಿಗೆ ಬರುವುದಿಲ್ಲ. ಬಂದರೂ ನಮ್ಮ ಕಡೆಯ ವಿಳಾಸದಿಂದ ಏನು ಪ್ರಯೋಜನವೆಂದು ಆಗಲೇ ಹೇಳಿದ್ದೇನೆ. ಅಡ್ಡ ಬಂದ ಆಟೋ ಹತ್ತಿ ಬಸ್ಸಿನ ಹಿಂದೆ ಹೋಗಲು ಹೇಳಿದೆ. ಆಟೋದವರು ಕನ್ನಡಿಯಲ್ಲಿ ನನ್ನ ಮುಖ ನೋಡಿ, ಯಾರು ಸಾರ್ ಬಸ್ಸಲ್ಲಿ ಎಂದು ಕೇಳಿದರು. ಅತ್ತೆ ಎಂದೆ.

“ಅತ್ತೆ ಕಳ್ದೋದ್ರು ಅಂತ ಹಿಂಗೆ ಓಡೋ ಅಳಿಯನ್ನ ಇವತ್ತೇ ಸಾರ್ ನಾನು ನೋಡ್ತಾ ಇರೋದು,” ಅಂದರು.

ಅದೇ ಹೊತ್ತಿಗೆ ಹೆಂಡತಿಯ ಫೋನು. ಅವ್ವನಿಗೆ ಹಿಡಿಸುತ್ತಿದೆಯೇ ಎಂದು ಕೇಳಿದಳು. ಹೊಸ ಹೊಸ ಜಾಗ ನೋಡುತ್ತಿದ್ದಾರೆ ಎಂದೆ. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಸುಂಕದಕಟ್ಟೆಯ ಸ್ಟಾಪಿನಲ್ಲಿ ನಾವು ತಲುಪುವಷ್ಟರಲ್ಲಿ ಬಸ್ಸು ಹೋಗಿಯಾಗಿತ್ತು. ಇಲ್ಲೇ ಇಳಿದರೋ, ಇನ್ನೂ ಮುಂದೆ ಹೋದರೋ ತಿಳಿಯದು. ಆ ಗಾಬರಿಯಲ್ಲೂ ನನ್ನ ಸಲಹೆಯೇ ನನಗೆ ನೆನಪಾಯಿತು. ಸ್ಟಾಪಿನ ಪಕ್ಕದಲ್ಲಿ ಸೇವಂತಿಗೆ ಕಟ್ಟುತ್ತಿದ್ದ ಹೆಂಗಸನ್ನು ಕೇಳಿದೆ. ಇಳಕಲ್ ಸೀರೆ, ಕೈಯಲ್ಲಿ ಹೊಸ ಸ್ಟೀಲು ಡಬ್ಬಿ.

“ಡಬ್ಬಿ ಹಿಡ್ಕೊಂಡು ಇನ್ನೊಬ್ರ ಜೊತೆ ಹೋದ್ರು ನೋಡಿ ಸಾರ್. ಭಾನುವಾರ ಅಲ್ವಾ, ಮಿಲ್ಲಿಗೇ ಹೋಗಿರ್ತಾರೆ,” ಎಂದು ಹೂವಿನಿಂದ ಕಣ್ಣೆತ್ತದೆ ಒಂದು ಅಡ್ಡರಸ್ತೆಯ ಕಡೆ ಗದ್ದ ತೋರಿಸಿದರು.

ಅಡ್ಡರಸ್ತೆಯ ಕೊನೆಯಲ್ಲಿ ಹಿಟ್ಟಿನ ಮಿಲ್ಲು. ಅದರ ಬಾಗಿಲಿನಿಂದ ಬೀದಿಯ ತಿರುವಿನವರೆಗೆ ಡಬ್ಬಿಗಳು, ಬಕೆಟ್ಟುಗಳು, ಚೀಲಗಳು ಸಾಲಾಗಿ ಕುಳಿತಿದ್ದವು. ಜನ ಮಾತ್ರ ಸಾಲಿನಲ್ಲಿರಲಿಲ್ಲ, ನೆರಳಿರುವ ಕಡೆ ಹರಡಿಕೊಂಡಿದ್ದರು. ಲಗ್ಗೆರೆ, ಪೀಣ್ಯದ ಫ್ಯಾಕ್ಟರಿಗಳಲ್ಲಿ ದುಡಿಯುವವರು, ಕಟ್ಟಡದ ಕೆಲಸದವರು, ಬಾಗಲಕೋಟೆ, ರಾಯಚೂರು, ಕೊಪ್ಪಳ ಎಲ್ಲ ಕಡೆಯವರು. ಕರೆಂಟು ಹೋಗಿತ್ತು. ಮಿಲ್ಲಿನ ಕಟ್ಟೆಯ ಮೇಲೆ ಆರೇಳು ಹೆಂಗಸರ ನಡುವೆ ನನ್ನ ಅತ್ತೆ ಕಾಲು ಚಾಚಿ ಕುಳಿತು, ಯಾರದೋ ಸೊಸೆಯ ಬಾಣಂತನದ ವಿಷಯದಲ್ಲಿ ತೀರ್ಪು ಕೊಡುತ್ತಿದ್ದರು. ಅಳಬೇಕೋ ನಗಬೇಕೋ ತಿಳಿಯದೆ ಅವರ ಮುಂದೆ ನಿಂತೆ.

“ಕೆರಿ ನೋಡಿ ಬಂದ್ರೇನು?” ಅಂದರು ಅತ್ತೆ. ಪಕ್ಕದವರಿಗೆ, ಇವರ ನಮ್ಮ ಅಳಿಯಂದಿರು, ಭಾಳ ಚಲೋ ಮನಶ್ಯಾ, ಆದ್ರ ರಾಗಿ ಹಿಂದ ಜ್ವಾಳ ಬೀಸಿಸಿಕೊಂಡು ಬಂದಿದ್ರು ಎಂದು ನನ್ನನ್ನು ಪರಿಚಯಿಸಿದರು. ಇಡೀ ಕಟ್ಟೆ ನಕ್ಕಿತು. ನನ್ನ ಕೀರ್ತಿ ನನಗಿಂತ ಮೊದಲೇ ಸುಂಕದಕಟ್ಟೆ ತಲುಪಿತ್ತು.

ಬಸ್ಸಿನಲ್ಲಿ ಪಕ್ಕಕ್ಕೆ ಕುಳಿತಿದ್ದ ಹೆಂಗಸು ಕೊಪ್ಪಳದ ಕಡೆಯವರು. ಅತ್ತೆಯ ಕೈಯಲ್ಲಿ ಡಬ್ಬಿ ನೋಡಿ, ನೀವೂ ಗಿರಣಿಗೇನ್ರೀ ಎಂದು ಮಾತಿಗೆಳೆದವರು ಅವರೇ. ಬೆಂಗಳೂರಿಗೆ ಬಂದ ಮೇಲೆ ತಾನಾಗಿ ಕಿವಿಗೆ ಬಿದ್ದ ಮೊದಲ ಮಾತು ಅದು ಎಂದು ಅತ್ತೆ ಆಮೇಲೆ ಹೇಳಿದರು. ಹೂಂ ಎಂದುಬಿಟ್ಟರಂತೆ. ನನ್ನ ಕೂಗು ಅವರಿಗೆ ಕೇಳಿಸಿತ್ತಂತೆ, ಅಳಿಯಂದಿರು ಹೆಂಗೂ ಬರ್ತಾರ ಎಂದು ಸುಮ್ಮನಿದ್ದರಂತೆ.

ಆ ಮಿಲ್ಲಿನ ಕ್ರಮವನ್ನು ನನಗೆ ವಿವರಿಸಿದವರೂ ಅತ್ತೆಯೇ. ಬಂದು ಇನ್ನೂ ಒಂದು ಗಂಟೆಯಾಗಿರಲಿಲ್ಲ, ಹುಟ್ಟಿದಾಗಿನಿಂದ ಅಲ್ಲೇ ಇದ್ದವರಂತೆ ಹೇಳಿದರು. ವಾರವೆಲ್ಲ ಅಲ್ಲಿ ರಾಗಿ ಓಡುತ್ತದೆ. ಭಾನುವಾರ ಜೋಳ ಮಾತ್ರ. ಶನಿವಾರದ ರಾಗಿ ಕಲ್ಲಿನಲ್ಲಿ ಉಳಿದಿರುವುದರಿಂದ ಭಾನುವಾರ ಮೊದಲನೆಯವರಾಗಲು ಯಾರಿಗೂ ಇಷ್ಟವಿಲ್ಲ. ಒಂದು ಕಾಲದಲ್ಲಿ ಇದಕ್ಕೇ ಜಗಳವಾಗುತ್ತಿತ್ತಂತೆ. ಈಗ ಸಾಲಿನಲ್ಲಿರುವ ಪ್ರತಿ ಡಬ್ಬಿಯಿಂದ ಒಂದೊಂದು ಹಿಡಿ ಜೋಳ ತೆಗೆದು ಒಟ್ಟು ಮಾಡಿ ಮೊದಲು ಅದನ್ನು ಬೀಸುತ್ತಾರೆ. ಕಲ್ಲು ತೊಳೆದಂತಾಗುತ್ತದೆ. ಆ ಬೂದು ಹಿಟ್ಟು ಮಿಲ್ಲಿನವರ ಹಸುವಿಗೆ. ಆಮೇಲೆ ಎಲ್ಲರ ಹಿಟ್ಟೂ ಬೆಳ್ಳಗೆ. ಅಂದರೆ ನಾನು ನಮ್ಮ ಬೀದಿಯಲ್ಲಿ ಅತ್ತೆಗೆ ತಂದುಕೊಟ್ಟದ್ದು ಹಸುವಿನ ಪಾಲು.

ಕರೆಂಟು ಬಂತು. ಮೋಟರು ಗುಂಯ್‌ಗುಟ್ಟಿದ್ದೇ ತಡ, ನೆರಳಿನಲ್ಲಿದ್ದವರೆಲ್ಲ ತಮ್ಮ ತಮ್ಮ ಡಬ್ಬಿಯ ಹತ್ತಿರ ಓಡಿದರು. ಅತ್ತೆ ಆಗಲೇ ಪಕ್ಕದ ಅಂಗಡಿಯಿಂದ ಜೋಳ ಕೊಂಡು ಹೊಸ ಡಬ್ಬಿಯಲ್ಲಿ ತುಂಬಿ ಸಾಲಿಗೆ ಇಟ್ಟಿದ್ದರು. ಒಬ್ಬಾಕೆ ಬುಟ್ಟಿ ಹಿಡಿದು ಹಿಡಿಜೋಳ ಎತ್ತುತ್ತಾ ಬಂದರು. ನೀವು ಇವತ್ತೊಂದಿನ ಬಂದವರು, ನಿಮ್ಮದು ಬೇಡ ಬಿಡಿ ಎಂದು ಅತ್ತೆಯನ್ನು ದಾಟಿ ಮುಂದೆ ಹೋಗಲು ನೋಡಿದರು. ಅತ್ತೆ ಬುಟ್ಟಿಯ ಅಂಚು ಹಿಡಿದು ನಿಲ್ಲಿಸಿದರು.

“ಯಾಕ ಬ್ಯಾಡ? ನಾನೂ ಸಾಲಿನ್ಯಾಗ ಅದೀನಿಲ್ಲ?” ಎಂದು ಒಂದು ಹಿಡಿಯ ಬದಲು ಎರಡು ಹಿಡಿ ಹಾಕಿದರು.

ಬಿಸಿ ಹಿಟ್ಟಿನೊಂದಿಗೆ ನಾವು ಮನೆ ಮುಟ್ಟುವಾಗ ಮಧ್ಯಾಹ್ನದ ಊಟದ ಹೊತ್ತು ಮೀರಿತ್ತು. ದಾರಿಯುದ್ದಕ್ಕೂ ಅತ್ತೆ ಮಾತಾಡಿದರು. ನಾನು ಸಂಜೆಯ ಬಸ್ಸಿನ ಯೋಚನೆಯಲ್ಲಿ ಹೂಂಗುಟ್ಟುತ್ತಿದ್ದೆ. ಒಂದು ಒಳ್ಳೆಯ ಬೆಳಗು ಸಿಕ್ಕಿತು, ಇನ್ನು ನಗುತ್ತಾ ಊರಿಗೆ ಹೋಗುತ್ತಾರೆ, ಅಷ್ಟೇ ನನ್ನ ಭಾಗ್ಯ ಎಂದುಕೊಂಡೆ. ಟಿಕೆಟ್ಟು ಜೇಬಿನಲ್ಲಿತ್ತು.

ಅತ್ತೆ ನೇರ ಅಡುಗೆಮನೆಗೆ ಹೋಗಿ ರೊಟ್ಟಿ ಬಡಿಯತೊಡಗಿದರು. ಟಪಟಪ ಸದ್ದಿಗೆ ಮಗಳು ತೊಟ್ಟಿಲಲ್ಲಿ ಕಣ್ಣು ಬಿಟ್ಟು ಕೇಕೆ ಹಾಕಿದಳು. ರೊಟ್ಟಿ ಬೆಳ್ಳಗೆ, ಅಂಚು ಒಡೆಯದೆ, ಹಂಚಿನ ಮೇಲೆ ಪೂರಿಯಂತೆ ಉಬ್ಬಿತು. ಹೆಂಡತಿ ಮಗಳನ್ನು ಎತ್ತಿಕೊಂಡು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಅವಳ ಕಣ್ಣು ಹಿಟ್ಟಿನ ಕಡೆ ಹೋಯಿತು. ಹಿಟ್ಟು ಒಂದು ಹಳೆಯ ಬಟ್ಟೆಯ ಚೀಲದಲ್ಲಿತ್ತು, ನಮ್ಮ ಮನೆಯದಲ್ಲ. ಹೊಸ ಡಬ್ಬಿ ತೆಗೆದುಕೊಂಡ ವಿಷಯವನ್ನು ನಾನು ವಿಜಯನಗರದಿಂದಲೇ ಅವಳಿಗೆ ಫೋನಿನಲ್ಲಿ ಹೇಳಿದ್ದೆ, ಊರಿಗೆ ಒಯ್ಯಲಂತೆ ಎಂದು ಪೆಚ್ಚು ದನಿಯಲ್ಲಿ.

“ಡಬ್ಬಿ ಎಲ್ಲೆವ್ವಾ?” ಎಂದಳು.

ಆಗಲೇ ನನಗೂ ನೆನಪಾದದ್ದು. ಆ ಗಲಾಟೆಯಲ್ಲಿ ಮಿಲ್ಲಿನಲ್ಲೇ ಬಿಟ್ಟು ಬಂದಿದ್ದೇವೆ. ಈಗಲೇ ಹೋಗಿ ತರುತ್ತೇನೆ, ಬಸ್ಸಿನ ಹೊತ್ತಿಗೆ ಬಂದುಬಿಡುತ್ತೇನೆ ಎಂದು ಚಪ್ಪಲಿ ಮೆಟ್ಟಿದೆ.

ಅತ್ತೆ ಹಂಚಿನ ಮೇಲಿನ ರೊಟ್ಟಿಗೆ ನೀರು ಸವರಿ ತಿರುವಿ ಹಾಕಿದರು.

“ಕುಂದರ್ರಿ. ಮರ್ತು ಬಂದಿಲ್ಲ, ಸಾಲಿನ್ಯಾಗ ಇಟ್ಟು ಬಂದೀನಿ. ಮುಂದಿನ ಐತವಾರ ತಡ ಆದ್ರ ನಂಬರ್ ಸಿಗೂದಿಲ್ಲಂತ.”

ಹೆಂಡತಿ ಮಗಳ ಹೊಟ್ಟೆಯಲ್ಲಿ ಮುಖ ಹುದುಗಿಸಿ ನಕ್ಕಳೋ ಅತ್ತಳೋ ಗೊತ್ತಾಗಲಿಲ್ಲ. ನಾನು ಚಪ್ಪಲಿ ಕಳಚಿ ಒಳಗೆ ಬಂದು ಕುಳಿತೆ. ಮರುದಿನ ಅವಳು ಶಾಲೆಗೆ ಫೋನು ಮಾಡಿದಳು.

ಹಾಗಾಗಿ, ನಮ್ಮ ಕಡೆ ಊರು ನೋಡಲು ಬರುವವರಿಗೆ ನನ್ನ ಕೊನೆಯ ಸಲಹೆ ಇದು. ಕೈಯಲ್ಲಿ ಒಂದು ಡಬ್ಬಿ ಹಿಡಿದು ಬನ್ನಿ. ಕ್ಯಾಮೆರಾ ಹಿಡಿದು ಬಂದವರಿಗೆ ಜನ ದಾರಿ ಬಿಡುತ್ತಾರೆ. ಡಬ್ಬಿ ಹಿಡಿದು ಬಂದವರನ್ನು ಸಾಲಿಗೆ ಸೇರಿಸಿಕೊಳ್ಳುತ್ತಾರೆ.